ರೂಟ್ ತುಂಬಿದಾಗ ಮೊದಲು ಅಳಿಸುವುದು ಯಾವುದನ್ನು?

ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನವನ್ನು ಹಾದುಹೋಗುವ ಮುಖ್ಯರಸ್ತೆ ಒಂದು ಕಡೆ ಉಡುಪಿ ಪೇಟೆಯನ್ನು ಸೇರುತ್ತದೆ, ಇನ್ನೊಂದು ಕಡೆ ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲದ ಗುಡ್ಡ ಹತ್ತುತ್ತದೆ. 1949ರಲ್ಲಿ ಶುರುವಾದ ಎಂ.ಜಿ.ಎಂ. ಕಾಲೇಜೂ 1957ರಲ್ಲಿ ಶುರುವಾದ ಮಣಿಪಾಲದ ಎಂಜಿನಿಯರಿಂಗ್ ಕಾಲೇಜೂ ಇದೇ ದಿಕ್ಕಿನಲ್ಲಿವೆ. ಓದುವವರೇ ತುಂಬಿರುವ ಇಂಥ ಕಡೆ ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ವಿಂಡೋಸ್ ಮೊದಲೇ ಮನೆ ಮಾಡಿಕೊಂಡಿರುತ್ತದೆ, ಲಿನಕ್ಸ್ ಆಮೇಲೆ ಬಂದದ್ದು. ಬಂದವನಿಗೆ ಜಗಲಿಯ ಮೂಲೆ ತೋರಿಸುವಂತೆ ಇಪ್ಪತ್ತೈದೋ ಮೂವತ್ತೋ ಜಿಬಿ ಬಿಟ್ಟುಕೊಟ್ಟು ಕೆಲಸ ಶುರುಮಾಡುತ್ತಾರೆ. ಆರು ತಿಂಗಳೋ ಒಂದು ವರ್ಷವೋ ಕಳೆದಾಗ ವ್ಯವಸ್ಥೆಯ ವಿಭಾಗದಲ್ಲಿ, ಅಂದರೆ ರೂಟ್ ಪಾರ್ಟಿಶನ್ನಿನಲ್ಲಿ, ಜಾಗವಿಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಆಗ ಹುಡುಕಿದರೆ ಸಿಗುವ ಸಲಹೆಗಳು ನೂರು. ಇದನ್ನು ಅಳಿಸಿ, ಅದನ್ನು ಗುಡಿಸಿ, ಬೇಡದ ಭಾಷೆಗಳನ್ನು ತೆಗೆಯಿರಿ. ಆ ಸಲಹೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ರೂಟ್ ತುಂಬುವುದು ಕಸದಿಂದಲ್ಲ. ವ್ಯವಸ್ಥೆ ನಮ್ಮ ಒಳ್ಳೆಯದಕ್ಕೆಂದೇ ಎತ್ತಿಟ್ಟುಕೊಳ್ಳುವ ಹಳೆಯ ಪ್ರತಿಗಳಿಂದ ಮತ್ತು ಮೊದಲ ದಿನವೇ ತಪ್ಪಾಗಿ ಎಳೆದ ಗಡಿಯಿಂದ ಅದು ತುಂಬುತ್ತದೆ. ಹಾಗಾಗಿ ತೆಗೆಯಬೇಕಾದದ್ದನ್ನು ಅದರ ಗಾತ್ರ ನೋಡಿ ಆರಿಸಿದರೆ ಸಾಲದು. ಅದನ್ನು ಎಷ್ಟು ಸುಲಭವಾಗಿ ಮರಳಿ ತರಬಹುದು ಎಂಬುದನ್ನೂ ನೋಡಬೇಕು.

ಜಾಗದ ಇಕ್ಕಟ್ಟು ಯುನಿಕ್ಸ್, ಲಿನಕ್ಸ್‌ಗಳ ವಂಶಕ್ಕೆ ಹೊಸದೂ ಅಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-11 ಯಂತ್ರದ ಮೇಲೆ ಯುನಿಕ್ಸನ್ನು ಬೆಳೆಸುತ್ತಿದ್ದಾಗ ಅವರ ಕೈಯಲ್ಲಿದ್ದ ಡಿಸ್ಕ್ ಹಿಡಿಸುತ್ತಿದ್ದದ್ದು ಕೆಲವೇ ಮೆಗಾಬೈಟ್. ಮೊದಲ ಡಿಸ್ಕ್ ತುಂಬಿತು. ಬಳಕೆದಾರರ ಕಡತಗಳಿಗೆಂದು ಇಟ್ಟಿದ್ದ ಎರಡನೆಯ ಡಿಸ್ಕಿಗೆ, ಅಂದರೆ 'ಯೂಸರ್' ಎಂಬ ಫೋಲ್ಡರಿಗೆ, ವ್ಯವಸ್ಥೆಯ ಪ್ರೋಗ್ರಾಮುಗಳೂ ಹರಿದು ಬಂದವು. ಬಳಕೆದಾರರು ಅಲ್ಲಿಂದ ಎದ್ದು ಬೇರೆ ಕಡೆ ಹೋಗಬೇಕಾಯಿತು, 'ಹೋಮ್' ಹುಟ್ಟಿದ್ದು ಹಾಗೆ. ಪ್ರೋಗ್ರಾಮುಗಳ 'ಬಿನ್' ಫೋಲ್ಡರ್ ಎರಡು ಕಡೆ ಏಕಿದೆ ಎಂದು ಮುಂದಿನ ತಲೆಮಾರಿನವರು ಅನೇಕ ಕಾರಣ ಕೊಟ್ಟರು, ಆದರೆ ಮೂಲ ಕಾರಣ ಡಿಸ್ಕ್ ತುಂಬಿದ್ದು ಮಾತ್ರ. ಆ ಒಡಕನ್ನು ಫೆಡೋರಾ 2012ರಲ್ಲಿ ತನ್ನ 17ನೆಯ ಆವೃತ್ತಿಯಲ್ಲಿ ಮುಚ್ಚಿತು. ಡೆಬಿಯನ್ ಹಾಗೆ ಮುಚ್ಚುವುದನ್ನು ಕಡ್ಡಾಯ ಮಾಡಲು 2023ರ 12ನೆಯ ಆವೃತ್ತಿ ಬೇಕಾಯಿತು. ಒಂದು ದಿನದ ಇಕ್ಕಟ್ಟಿಗೆ ಎಳೆದ ಗೆರೆಯನ್ನು ಅಳಿಸಲು ನಲವತ್ತು, ಐವತ್ತು ವರ್ಷ ಹಿಡಿಯಿತು. ನಮ್ಮ ಲ್ಯಾಪ್‌ಟಾಪಿನ ಪಾರ್ಟಿಶನ್ ಗೆರೆಗಳೂ ಇದೇ ಜಾತಿಯವು. ಎಳೆಯಲು ಒಂದು ನಿಮಿಷ ಸಾಕು, ತಿದ್ದಲು ಒಂದು ರಾತ್ರಿ ಬೇಕು. ಈ ನಡುವೆ ವ್ಯವಸ್ಥೆ ಮಾತ್ರ ಬೆಳೆಯುತ್ತಲೇ ಬಂತು. 2012ರವರೆಗೂ ಉಬುಂಟುವಿನ ಡೆಸ್ಕ್‌ಟಾಪ್ ಆವೃತ್ತಿ 700 ಎಂಬಿಯ ಒಂದೇ ಸಿಡಿಯಲ್ಲಿ ಹಿಡಿಯುತ್ತಿತ್ತು. 2024ರ ಆವೃತ್ತಿಯ ಕಡತವೇ 5 ಜಿಬಿ ದಾಟಿದೆ. ಡೆಸ್ಕ್‌ಟಾಪ್ ಹಾಕಲು ಕನಿಷ್ಠ 25 ಜಿಬಿ ಇರಲಿ ಎಂದು ಉಬುಂಟು ಹೇಳುತ್ತದೆ. ಆ ಕನಿಷ್ಠವನ್ನೇ ಸಾಕಷ್ಟು ಎಂದು ಓದಿಕೊಂಡಲ್ಲಿ ತೊಂದರೆ ಶುರುವಾಗುತ್ತದೆ.

ಅಳಿಸುವುದಕ್ಕೆ ಮೊದಲು ಅಳೆಯಬೇಕು. ಯಾವ ಪಾರ್ಟಿಶನ್ ಎಷ್ಟು ತುಂಬಿದೆ ಎಂದು 'ಡಿಎಫ್' ಹೇಳುತ್ತದೆ, ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು 'ಡಿಯು' ಹೇಳುತ್ತದೆ. ಟರ್ಮಿನಲ್ ಒಲ್ಲದವರಿಗೆ ಗ್ನೋಮ್‌ನ ಡಿಸ್ಕ್ ಬಳಕೆ ವಿಶ್ಲೇಷಕ ಅದೇ ಲೆಕ್ಕವನ್ನು ಬಣ್ಣದ ವೃತ್ತಗಳಲ್ಲಿ ತೋರಿಸುತ್ತದೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಗಾಬರಿಯಾಗುವವರು ಬಹಳ. ತಾಳೆಯಾಗದಿರುವುದಕ್ಕೆ ಖಚಿತ ಕಾರಣಗಳಿವೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಒಟ್ಟು ಜಾಗದ ಶೇ. 5ರಷ್ಟನ್ನು ರೂಟ್ ಎಂಬ ಆಡಳಿತ ಬಳಕೆದಾರನಿಗೆಂದು ಕಾದಿರಿಸುತ್ತದೆ. 25 ಜಿಬಿಯಲ್ಲಿ ಅದು ಒಂದೂಕಾಲು ಜಿಬಿ. ಇದನ್ನು ಸೊನ್ನೆ ಮಾಡಿ ಜಾಗ ಗಳಿಸಿ ಎಂಬ ಸಲಹೆ ಸಾಮಾನ್ಯ. ದತ್ತಾಂಶ ಮಾತ್ರ ಇರುವ ಡಿಸ್ಕಿನಲ್ಲಿ ಆ ಸಲಹೆ ಸರಿ, ರೂಟ್‌ನಲ್ಲಿ ಸರಿಯಲ್ಲ. ಡಿಸ್ಕ್ ಪೂರ್ತಿ ತುಂಬಿ ಲಾಗಿನ್ ಪರದೆ ಮತ್ತೆ ಮತ್ತೆ ತಿರುಗಿ ಬರತೊಡಗಿದಾಗ ಒಳಗೆ ಹೋಗಿ ಸರಿಪಡಿಸಲು ಉಳಿದಿರುವ ಉಸಿರು ಆ ಶೇ. 5. ಇನ್ನೊಂದು ಕಾರಣ ಇನ್ನೂ ಸೂಕ್ಷ್ಮವಾದದ್ದು. ಒಂದು ದೊಡ್ಡ ಲಾಗ್ ಕಡತವನ್ನು ಅಳಿಸಿದರೂ ಅದನ್ನು ಬರೆಯುತ್ತಿರುವ ಪ್ರೋಗ್ರಾಮ್ ಅದನ್ನು ತೆರೆದೇ ಇಟ್ಟುಕೊಂಡಿದ್ದರೆ ಹೆಸರು ಹೋಗುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಮನ್ನು ಮರಳಿ ಶುರುಮಾಡಿದಾಗಲೇ ಅದು ಕೈಗೆ ಬರುತ್ತದೆ. ಬ್ಯಾಕಪ್ಪಿಗೆಂದು ಇಟ್ಟ ಹೊರಗಿನ ಡಿಸ್ಕ್ ಜೋಡಣೆಯಾಗದ ದಿನ ಬ್ಯಾಕಪ್ ಸದ್ದಿಲ್ಲದೆ ರೂಟ್‌ನ ಖಾಲಿ ಫೋಲ್ಡರಿಗೇ ಬರೆದಿರಬಹುದು. ಮರುದಿನ ಡಿಸ್ಕ್ ಜೋಡಿಸಿದರೆ ಆ ಕಡತಗಳೆಲ್ಲ ಅದರಡಿ ಮರೆಯಾಗುತ್ತವೆ, ಎಷ್ಟು ಅಳೆದರೂ ಕಾಣುವುದಿಲ್ಲ. ಅಪರೂಪಕ್ಕೆ ಜಿಬಿಗಟ್ಟಲೆ ಜಾಗವಿದ್ದೂ ಜಾಗವಿಲ್ಲ ಎಂಬ ಮಾತು ಬರುವುದುಂಟು. ಲಕ್ಷಾಂತರ ಪುಟ್ಟ ಕಡತಗಳು ಸೇರಿ ಐನೋಡ್‌ಗಳು ಮುಗಿದಿರುವ ಸೂಚನೆ ಅದು. ಉಬುಂಟುವಿನ ಪ್ರೋಗ್ರಾಮ್ ಪೊಟ್ಟಣಗಳಾದ ಸ್ನ್ಯಾಪ್‌ಗಳ ಸಾಲು ಸಾಲು 'ಶೇ. 100' ಕಂಡು ಹೆದರಬೇಕಾಗಿಲ್ಲ. ಓದಲು ಮಾತ್ರ ಬರುವ ಮುಚ್ಚಿದ ಪೊಟ್ಟಣಗಳವು, ಹುಟ್ಟಿನಿಂದಲೇ ತುಂಬಿರುತ್ತವೆ.

ಅಳೆದು ಮುಗಿದ ಮೇಲೆ ದೊಡ್ಡ ಪಾಲು ಯಾರದ್ದೆಂದು ನೋಡಿದರೆ ಅಲ್ಲಿ ಕಾಣುವುದು ಹೆಚ್ಚಾಗಿ ಮುನ್ನೆಚ್ಚರಿಕೆಯ ದಾಸ್ತಾನು. ಕರ್ನಲ್ ಅಪ್‌ಡೇಟ್ ಆದಾಗ ಹಳೆಯದು ಹೋಗುವುದಿಲ್ಲ, ಹೊಸದು ಕೈಕೊಟ್ಟರೆ ಹಳೆಯದರಿಂದ ಬೂಟ್ ಆಗಲೆಂದು ಉಳಿದಿರುತ್ತದೆ. ಒಂದೊಂದು ಕರ್ನಲ್ಲೂ ತನ್ನ ಮಾಡ್ಯೂಲುಗಳು, ಆರಂಭದ ರ‍್ಯಾಮ್‌ಡಿಸ್ಕ್, ಹೆಡರ್‌ಗಳು ಎಲ್ಲ ಸೇರಿ ನೂರಾರು ಎಂಬಿ ತೂಗುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿ ಹಾಕಿಕೊಂಡವರಿಗೆ 'ಬೂಟ್' ಎಂಬುದೇ ಬೇರೆ ಪುಟ್ಟ ಪಾರ್ಟಿಶನ್ ಆಗಿರುವುದರಿಂದ ಅದು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಎಷ್ಟೋ ಮಂದಿ ಇಲ್ಲಿಯೇ ಎಡವುತ್ತಾರೆ. ಬೂಟ್ ಫೋಲ್ಡರಿಗೆ ಹೋಗಿ ಹಳೆಯ ಕಡತಗಳನ್ನು ಕೈಯಿಂದ ಅಳಿಸಿದರೆ ಪ್ಯಾಕೇಜ್ ವ್ಯವಸ್ಥೆಯ ಪಾಲಿಗೆ ಆ ಕರ್ನಲ್ ಇನ್ನೂ ಇದೆ, ಬೂಟ್ ಮೆನುವಿನಲ್ಲಿ ಹೆಸರು ಇದೆ, ಕಡತ ಮಾತ್ರ ಇಲ್ಲ. ಉಬುಂಟು, ಡೆಬಿಯನ್‌ಗಳ ಪ್ಯಾಕೇಜ್ ಸಾಧನವಾದ ಆಪ್ಟ್‌ಗೆ 'ಆಟೋರಿಮೂವ್' ಎಂದು ಹೇಳಿದರೆ ಈಗ ಓಡುತ್ತಿರುವುದನ್ನೂ ಒಂದು ಹಳೆಯದನ್ನೂ ಉಳಿಸಿಕೊಂಡು ಮಿಕ್ಕವನ್ನು ಅದೇ ಕಳಿಸುತ್ತದೆ. ತುಳುನಾಡಿನ ಮನೆಗಳಲ್ಲಿ ಪತ್ತಾಯದ ಭತ್ತ ಉಣ್ಣಲಿಕ್ಕೆ, ಬಿತ್ತನೆಯ ಭತ್ತ ಬೇರೆ ಕಟ್ಟಿ ಇಡಲಿಕ್ಕೆ. ಆ ಒಂದು ಹಳೆಯ ಕರ್ನಲ್ ಬಿತ್ತನೆಯ ಭತ್ತ, ಎಷ್ಟೇ ಹಸಿವಾದರೂ ಅದಕ್ಕೆ ಕೈಹಾಕಬಾರದು.

ದಾಸ್ತಾನಿನಲ್ಲಿ ಎರಡನೆಯದು ದಿನಚರಿ. ಸಿಸ್ಟಮ್‌ಡಿ ಬರೆಯುವ ಜರ್ನಲ್‌ಗೆ ತಾನಾಗಿ ಇರುವ ಮಿತಿ ಪಾರ್ಟಿಶನ್ನಿನ ಶೇ. 10, ಹೆಚ್ಚೆಂದರೆ 4 ಜಿಬಿ. ಅಂದರೆ ನಮ್ಮ 25 ಜಿಬಿಯಲ್ಲಿ ಎರಡೂವರೆ ಜಿಬಿವರೆಗೆ ಅದು ನ್ಯಾಯವಾಗಿಯೇ ಹಬ್ಬಬಹುದು. ಮನೆಯ ಲ್ಯಾಪ್‌ಟಾಪಿಗೆ ಎರಡು ವಾರದ ದಿನಚರಿ ಧಾರಾಳ. 'ವ್ಯಾಕ್ಯೂಮ್' ಆಜ್ಞೆಯಿಂದ 200 ಎಂಬಿಗೆ ಇಳಿಸಿ, ಅದೇ ಮಿತಿಯನ್ನು ಸಂಯೋಜನಾ ಕಡತದಲ್ಲಿ ಬರೆದಿಟ್ಟರೆ ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಆಪ್ಟ್ ಇಳಿಸಿಕೊಂಡ ಪ್ಯಾಕೇಜುಗಳ ಮೂಟೆ ಎಲ್ಲಕ್ಕಿಂತ ನಿರಪಾಯ, ಬೇಕೆಂದಾಗ ಮತ್ತೆ ಇಳಿಯುತ್ತದೆ. ಆದರೆ 'ಆಪ್ಟ್' ಆಜ್ಞೆ ಕೆಲಸ ಮುಗಿದ ಮೇಲೆ ಆ ಮೂಟೆಯನ್ನು ತಾನೇ ಬಿಸಾಡುವುದರಿಂದ, ಹಳೆಯ 'ಆಪ್ಟ್-ಗೆಟ್' ಬಳಸುವವರಿಗೆ ಮಾತ್ರ ಅಲ್ಲಿ ದೊಡ್ಡ ಗಂಟು ಸಿಗುತ್ತದೆ. ಸ್ನ್ಯಾಪ್ ಪ್ರತಿ ಪ್ರೋಗ್ರಾಮಿನ ಎರಡು ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದೆ. ಅದರ ಕೆಳಗಿನ ತಳಪಾಯದ ಪೊಟ್ಟಣಗಳೂ ಒಂದೊಂದು ತಲೆಮಾರಿನವು ಉಳಿದಿರುತ್ತವೆ. 22.04ರಿಂದ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ಆಗಿಯೇ ಸಿಗುವುದರಿಂದ, ಸ್ನ್ಯಾಪ್ ಬೇಡವೆಂದುಕೊಂಡವರ ಡಿಸ್ಕಿನಲ್ಲೂ ಅದರ ಪಾಲು ಇದೆ. ಅಷ್ಟಕ್ಕೆ ಸ್ನ್ಯಾಪನ್ನೇ ಕಿತ್ತುಹಾಕಿ ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ, ಸಲಹೆ ಒಪ್ಪಿಗೆಯಾಗುವುದಿಲ್ಲ. ಪ್ರೋಗ್ರಾಮನ್ನು ವ್ಯವಸ್ಥೆಯಿಂದ ಬೇರ್ಪಡಿಸಿ ಇಡುವ ಸುರಕ್ಷತೆಗೆ ತೆರುವ ಬೆಲೆ ಅದು. ಬಳಕೆಯಲ್ಲಿಲ್ಲ ಎಂದು ಅದೇ ಗುರುತು ಹಾಕಿದ ಹಳೆಯ ಆವೃತ್ತಿಗಳನ್ನು ತೆಗೆದರೆ ಸಾಕು. ಫ್ಲ್ಯಾಟ್‌ಪ್ಯಾಕ್‌ನಲ್ಲಂತೂ ಬಳಸದ ತಳಪಾಯಗಳನ್ನು ತೆಗೆಯಲು ಒಂದೇ ಆಜ್ಞೆ ಇದೆ.

ನಿಜವಾದ ಭಾರ ಇರುವುದು ಟೈಮ್‌ಶಿಫ್ಟ್ ಮತ್ತು ಡಾಕರ್‌ನಲ್ಲಿ. ಲಿನಕ್ಸ್ ಮಿಂಟ್ ಜತೆಗೇ ಬರುವ ಟೈಮ್‌ಶಿಫ್ಟ್ ವ್ಯವಸ್ಥೆಯ ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ಸಾಮಾನ್ಯ ರೀತಿಯಲ್ಲಿ ಮೊದಲನೆಯದು ವ್ಯವಸ್ಥೆಯ ಪೂರ್ತಿ ಪ್ರತಿ, ಮುಂದಿನವು ಬದಲಾದ ಕಡತಗಳಷ್ಟೇ. 12 ಜಿಬಿಯ ವ್ಯವಸ್ಥೆಯ ಪ್ರತಿಯನ್ನು ಅದೇ 25 ಜಿಬಿಯೊಳಗೆ ಇಟ್ಟರೆ ಉಳಿಯುವುದೇನು? ಡಿಸ್ಕೇ ಕೆಟ್ಟರೆ ಪ್ರತಿಯೂ ಜತೆಗೇ ಹೋಗುತ್ತದೆ. ಪ್ರತಿ ಇರಬೇಕಾದದ್ದು ಬೇರೆ ಡಿಸ್ಕಿನಲ್ಲಿ. ಉಡುಪಿಯ ಶ್ರೀಕೃಷ್ಣ ಮಠದ ಎರಡು ವರ್ಷದ ಪೂಜೆಯ ಸರದಿಯಾದ ಪರ್ಯಾಯಕ್ಕೆ ಬೇಕಾಗುವ ಸೌದೆಯನ್ನು ಮೊದಲೇ ಸಂಗ್ರಹಿಸಿ ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಪೇರಿಸುತ್ತಾರೆ. ಕಟ್ಟಿಗೆ ಒಟ್ಟುವುದಕ್ಕೆ ಅಡುಗೆಮನೆಯನ್ನು ಯಾರೂ ಆರಿಸುವುದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯಂತ್ರದಲ್ಲಿ ಕಂಟೈನರುಗಳನ್ನು ಓಡಿಸುವ ಡಾಕರ್ ಇದ್ದರೆ ಹತ್ತಾರು ಜಿಬಿಯ ಇಮೇಜುಗಳು 'ವಾರ್' ಫೋಲ್ಡರಿನೊಳಗೆ ಕೂತಿರುತ್ತವೆ. ಇಮೇಜನ್ನು ಮತ್ತೆ ಇಳಿಸಿಕೊಳ್ಳಬಹುದು, ವಾಲ್ಯೂಮಿನಲ್ಲಿರುವ ಡೇಟಾಬೇಸ್ ಮತ್ತೆ ಸಿಗದು. ಎಲ್ಲವನ್ನೂ ಒಂದೇ ಏಟಿಗೆ ತೆಗೆಯುವ 'ಪ್ರೂನ್' ಆಜ್ಞೆಗೆ ವಾಲ್ಯೂಮುಗಳನ್ನೂ ಸೇರಿಸುವ ಮೊದಲು ಸೆಮಿಸ್ಟರಿನ ಪ್ರಾಜೆಕ್ಟ್ ಅದರೊಳಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಏಕೆ, ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ಗುಡಿಸುವ ಪ್ರೋಗ್ರಾಮುಗಳಿವೆಯಲ್ಲ ಎಂಬುದು ಸಹಜ ಪ್ರಶ್ನೆ. ಅವು ಕೆಟ್ಟವೇನಲ್ಲ. ಆದರೆ ಗುಡಿಸುವ ಪ್ರೋಗ್ರಾಮಿಗೆ ಗಾತ್ರ ಗೊತ್ತು, ಬೆಲೆ ಗೊತ್ತಿಲ್ಲ. ಬ್ರೌಸರಿನ ಕ್ಯಾಶ್ ಹೋದರೆ ಪುಟಗಳು ಒಂದು ದಿನ ನಿಧಾನವಾಗುತ್ತವೆ, ಅಷ್ಟೇ. ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ಇನ್ನೊಂದು ಗುರುತು ಇರುತ್ತದೆ: 'ಬೇಡದ ಭಾಷೆಗಳು'. ಬ್ಲೀಚ್‌ಬಿಟ್‌ನಲ್ಲಿ ಅದಿದೆ. ಡೆಬಿಯನ್‌ನ 'ಲೊಕೇಲ್‌ಪರ್ಜ್' ಇರುವುದೇ ಆ ಕೆಲಸಕ್ಕೆ. ಈ ಸಲಹೆಯನ್ನು ಕಡಿಯಾಳಿಯಲ್ಲಿ ಕೂತು ಓದಿದಾಗ ಅದರ ಇನ್ನೊಂದು ಮುಖ ಕಾಣುತ್ತದೆ. ಇಲ್ಲಿ ಮನೆಯೊಳಗೆ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಬ್ಯಾರಿ, ಪರೀಕ್ಷೆಯಲ್ಲಿ ಇಂಗ್ಲಿಷ್. ಒಂದನ್ನು ಉಳಿಸಿ ಉಳಿದದ್ದನ್ನು ಬೇಡವೆನ್ನುವ ಪಟ್ಟಿ ಈ ಊರಿನ ಬದುಕಿಗೆ ಹೊಂದುವುದಿಲ್ಲ. ಲಿನಕ್ಸ್‌ನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿಯಲ್ಲಿ ಕನ್ನಡಕ್ಕೆ, ಕೊಂಕಣಿಗೆ, ತುಳುವಿಗೆ ಪ್ರತ್ಯೇಕ ಲೊಕೇಲ್‌ಗಳಿವೆ. ತಿಂಗಳು, ವಾರಗಳ ಹೆಸರು, ದಿನಾಂಕ ಬರೆಯುವ ರೀತಿ, ವಿಂಗಡಣೆಯ ಕ್ರಮ ಇವೆಲ್ಲ ಇರುವ ಸಣ್ಣ ಕಡತಗಳವು.

ಲೆಕ್ಕ ಹಾಕಿ ನೋಡೋಣ. ಲೋಹಿತ್ ಕನ್ನಡ ಅಕ್ಷರಶೈಲಿಯ ಗಾತ್ರ ಕೆಲವು ನೂರು ಕಿಲೋಬೈಟ್. ಗುಬ್ಬಿ, ನವಿಲು ಕೂಡ ಹಗುರವೇ. ಮಣಿಪಾಲದಲ್ಲಿ ಕೆಲಸ ಮಾಡಿದ ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಗೆ ಕೊಟ್ಟ ವಿನ್ಯಾಸ ಮುಂದೆ ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ 'ಕಗಪ' ಎಂದು ಪ್ರಸಿದ್ಧವಾಯಿತು. ಅದು ಇಂದು ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಇದೆ. ಡಿಸ್ಕಿನಲ್ಲಿ ಅದರ ಪಾಲು ಕೆಲವು ಸಾಲುಗಳ ಒಂದು ಪಠ್ಯ ಮಾತ್ರ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಇಸ್ಪೀಕ್‌ನಲ್ಲಿ ಕನ್ನಡದ ಧ್ವನಿಯೂ ಇದೆ, ಅದೂ ಪುಟ್ಟದು. ಇವೆಲ್ಲ ಸೇರಿದರೂ ಒಂದು ಹಳೆಯ ಕರ್ನಲ್ ಬಿಟ್ಟುಕೊಡುವ ಜಾಗದ ಹತ್ತಿರಕ್ಕೂ ಬರುವುದಿಲ್ಲ. ನಷ್ಟದ ಕಡೆ ನೋಡಿದರೆ ಚಿತ್ರ ತಿರುವುಮುರುವು. ಲೊಕೇಲ್‌ಪರ್ಜ್ ಕಡತಗಳನ್ನು ಪ್ಯಾಕೇಜ್ ವ್ಯವಸ್ಥೆಯ ಬೆನ್ನ ಹಿಂದೆ ಅಳಿಸುತ್ತದೆ. ಪ್ಯಾಕೇಜ್ ಪೂರ್ತಿಯಾಗಿದೆ ಎಂದೇ ವ್ಯವಸ್ಥೆ ನಂಬಿರುತ್ತದೆ. ಮುಂದೊಂದು ದಿನ ಕನ್ನಡ ಬೇಕೆನಿಸಿದರೆ ಒಂದೊಂದು ಪ್ಯಾಕೇಜನ್ನೂ ಮತ್ತೆ ಹಾಕಬೇಕು. ಕರ್ನಲ್, ಜರ್ನಲ್, ಕ್ಯಾಶ್ ತಾವಾಗಿ ಮತ್ತೆ ತುಂಬಿಕೊಳ್ಳುತ್ತವೆ, ಭಾಷೆ ಹಾಗೆ ತಾನಾಗಿ ಮರಳುವುದಿಲ್ಲ. ಚೀನಿ, ಜಪಾನಿ, ಕೊರಿಯನ್ ಅಕ್ಷರಶೈಲಿಗಳು ಹತ್ತಾರು ಎಂಬಿ ಹಿಡಿಯುತ್ತವಲ್ಲ, ಅವನ್ನಾದರೂ ತೆಗೆಯಬಾರದೇ ಎಂದರೆ, ಆ ಭಾಷೆಗಳನ್ನು ಎಂದೂ ಓದದವರು ಪ್ಯಾಕೇಜ್ ವ್ಯವಸ್ಥೆಯ ಮೂಲಕವೇ ತೆಗೆಯಲಿ, ತೊಂದರೆಯಿಲ್ಲ. ಬೇಕೆಂದಾಗ ಒಂದು ಆಜ್ಞೆಗೆ ಅವು ಮರಳುತ್ತವೆ. ನಾನು ವಿರೋಧಿಸುವುದು ಭಾಷೆಯನ್ನೇ ಕಸದ ಪಟ್ಟಿಗೆ ಸೇರಿಸಿಬಿಡುವ ಅಭ್ಯಾಸವನ್ನು.

ಹಂಚಿಕೊಂಡು ಬಳಸುವ ಯಂತ್ರಗಳಲ್ಲಿ ಈ ಮಾತಿಗೆ ಇನ್ನೂ ತೂಕ ಬರುತ್ತದೆ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ, ತನ್ನ ಶಾಲೆಗಳಿಗೆ ಉಬುಂಟು ಆಧಾರಿತ ಲಿನಕ್ಸನ್ನು ಕೊಟ್ಟಿದೆ. ಜಿಯೋಜೀಬ್ರಾ, ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಎಲ್ಲ ಅದರೊಂದಿಗೇ ಬರುತ್ತವೆ. ಪಾಠಕ್ಕೆ ಬೇಕಾದ ಸಾಮಗ್ರಿಯೇ ದೊಡ್ಡದಿರುವ ಇಂಥ ಯಂತ್ರದಲ್ಲಿ ಜಾಗ ಸಾಲದೆ ಬಂದಾಗ, ಒಬ್ಬರು ಮಲಯಾಳ, ಇಂಗ್ಲಿಷ್ ಇರಲಿ ಎಂದು ಮಿಕ್ಕದ್ದನ್ನು ಗುಡಿಸಿದರೆ, ಮುಂದಿನ ಪೀರಿಯಡ್ಡಿನ ಕನ್ನಡದ ಮಕ್ಕಳಿಗೆ ಬೆರಳಿಗೆ ಸಿಗಬೇಕಾದದ್ದು ಸಿಗದು. ಗಣಕದಲ್ಲಿ ತುಳುವಿನ ಮಾತಂತೂ ಈಗಷ್ಟೇ ಚಿಗುರುತ್ತಿದೆ. ಕಡಿಯಾಳಿಯ ನೆರೆಯ ಎಂ.ಜಿ.ಎಂ. ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು. ಆದರೆ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೆಯ ಆವೃತ್ತಿಯಲ್ಲಿ. ಅದಕ್ಕೆ ಬೇಕಾದ ಅಕ್ಷರಶೈಲಿಗಳು ಇನ್ನು ಮುಂದೆ ನಮ್ಮ ಡಿಸ್ಕುಗಳಿಗೆ ಬರಬೇಕು. ಹೊಸದಾಗಿ ಬರುವವರಿಗೆ ಜಾಗ ಮಾಡಿಕೊಡಬೇಕಾದ ಹೊತ್ತಿನಲ್ಲಿ ಇರುವವರನ್ನು ಎಬ್ಬಿಸುವುದು ಸಲ್ಲದು.

ಇನ್ನು ಪಾರ್ಟಿಶನ್ ಗಡಿಯ ಮಾತು. ಡಿಸ್ಕ್ ಈಗ ಅಗ್ಗ, ದೊಡ್ಡದು ತಂದು ಹಾಕಿದರೆ ಮುಗಿಯಿತು ಎನ್ನುವವರಿದ್ದಾರೆ. ಬಿಚ್ಚಿ ಬದಲಿಸಬಹುದಾದ ಯಂತ್ರಕ್ಕೆ ಆ ಮಾತು ಸರಿ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಬದಲಿಸಲು ಏನೂ ಇಲ್ಲ. ದೊಡ್ಡ ಡಿಸ್ಕ್ ಹಾಕಿಯೂ ಅದೇ 25 ಜಿಬಿಯ ಗೆರೆ ಎಳೆದರೆ ಅದೇ ಎಚ್ಚರಿಕೆ ಮತ್ತೆ ಬರುತ್ತದೆ. ಹಾಗಾದರೆ ಗೆರೆಯೇ ಬೇಡ, ರೂಟ್ ಮತ್ತು ಹೋಮ್ ಒಂದೇ ಪಾರ್ಟಿಶನ್ನಿನಲ್ಲಿರಲಿ ಎಂಬ ವಾದ ಗಟ್ಟಿಯಾದದ್ದು, ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಬೇರೆ ಬೇರೆ ಇಟ್ಟರೆ ವ್ಯವಸ್ಥೆಯನ್ನು ಹೊಸದಾಗಿ ಹಾಕಿದಾಗ ಸ್ವಂತ ಕಡತಗಳು ಉಳಿಯುತ್ತವೆ, ಹುಚ್ಚೆದ್ದ ಲಾಗ್ ಹೋಮ್‌ನ ಜಾಗವನ್ನು ತಿನ್ನುವುದಿಲ್ಲ. ಈ ಲಾಭ ನಿಜ. ಆದರೆ 100 ಜಿಬಿಯೊಳಗೆ ಇಬ್ಬರಿಗೆ ಕೋಣೆ ಕಟ್ಟಿದರೆ ಒಬ್ಬರ ಕೋಣೆಯಲ್ಲಿ ಕಾಲು ಚಾಚಲಾಗದು, ಇನ್ನೊಬ್ಬರದು ಖಾಲಿ ಬಿದ್ದಿರುತ್ತದೆ. ಫೆಡೋರಾ 2020ರಲ್ಲಿ 33ನೆಯ ಆವೃತ್ತಿಯಿಂದ ಡೆಸ್ಕ್‌ಟಾಪಿಗೆ ಬಿಟಿಆರ್‌ಎಫ್‌ಎಸ್ ತಂದು, ರೂಟ್ ಮತ್ತು ಹೋಮ್ ಬೇರೆಯಾಗಿಯೇ ಇದ್ದು ಜಾಗವನ್ನು ಮಾತ್ರ ಹಂಚಿಕೊಳ್ಳುವಂತೆ ಮಾಡಿತು. ಗೆರೆಯ ಲಾಭವೂ ಉಳಿಯಿತು, ಇಕ್ಕಟ್ಟೂ ತಪ್ಪಿತು. ಅಲ್ಲಿ ಸ್ನ್ಯಾಪ್‌ಶಾಟ್ ಹಿಡಿದಿಟ್ಟ ಕಡತವನ್ನು ಅಳಿಸಿದರೂ ಜಾಗ ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಪ್ರತ್ಯೇಕ ರೂಟ್ ಬೇಕೇಬೇಕು ಎನ್ನುವವರು 50, 60 ಜಿಬಿಗೆ ಕಡಿಮೆ ಕೊಡಬಾರದು.

ಈಗಾಗಲೇ ಎಳೆದ ಗೆರೆಯನ್ನು ಸರಿಸುವುದು ಹೇಗೆ? ಇಎಕ್ಸ್‌ಟಿ4 ಓಡುತ್ತಿರುವಾಗಲೇ ಹಿಗ್ಗಬಲ್ಲದು, ಕುಗ್ಗಲು ಮಾತ್ರ ಅದನ್ನು ಕಳಚಿಡಬೇಕು. ಖಾಲಿ ಜಾಗ ರೂಟ್‌ನ ಬಲಕ್ಕಿದ್ದರೆ ಕೆಲಸ ನಿಮಿಷಗಳದ್ದು. ವಿಂಡೋಸ್ ಮೊದಲಿದ್ದು ಲಿನಕ್ಸ್ ಅದರ ನಂತರ ಇರುವುದರಿಂದ ವಿಂಡೋಸ್ ಕುಗ್ಗಿಸಿದಾಗ ಬಿಡುವಾಗುವ ಜಾಗ ಹೆಚ್ಚಾಗಿ ಎಡಕ್ಕೇ ಇರುತ್ತದೆ. ಕುಗ್ಗಿಸುವುದನ್ನು ವಿಂಡೋಸ್ ಒಳಗಿನ ಸಾಧನದಿಂದಲೇ, ಬಿಟ್‌ಲಾಕರ್ ಕೀಲಿಯನ್ನು ಬೇರೆ ಕಡೆ ಬರೆದಿಟ್ಟುಕೊಂಡು ಮಾಡುವುದು ಕ್ಷೇಮ. ಆಮೇಲೆ ಪೆನ್‌ಡ್ರೈವಿನ ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿ ಜಿಪಾರ್ಟೆಡ್‌ನಲ್ಲಿ ರೂಟ್‌ನ ಆರಂಭವನ್ನೇ ಎಡಕ್ಕೆ ಸರಿಸಬೇಕು. ಆಗ ಒಳಗಿನ ಪ್ರತಿಯೊಂದು ಬೈಟೂ ಸ್ಥಳ ಬದಲಿಸುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ವಿದ್ಯುತ್ ಹೋಗಿ ಯಂತ್ರ ಆರಿದರೆ ಅರ್ಧ ಅಲ್ಲಿ ಅರ್ಧ ಇಲ್ಲಿ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಉಡುಪಿಯಲ್ಲಿ ಜೂನ್, ಜುಲೈಯ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಮಾಮೂಲು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪು ಇರುವವರು ಸ್ವಂತ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟು ನವರಾತ್ರಿಯವರೆಗೆ ಕಾಯಲಿ. ಅಷ್ಟು ದಿನ ತಳ್ಳಲು ಹಳೆಯ ಕರ್ನಲ್‌ಗಳು, ಜರ್ನಲ್, ಬಳಕೆಯಿಲ್ಲದ ಸ್ನ್ಯಾಪ್‌ಗಳು ಸೇರಿ ಬಿಟ್ಟುಕೊಡುವ ಮೂರು ನಾಲ್ಕು ಜಿಬಿ ಸಾಕಾಗುತ್ತದೆ.